ಕಮಿಟಿ ಬರುವ ಮುನ್ನಾದಿನ

2000ನೇ ಇಸವಿಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಹಳೆಯ ರೂಢಿಯನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಹಣ ಮೊದಲು ಕೊಡುತ್ತಿತ್ತು, ಕೆಲಸ ಆಮೇಲೆ ಕೇಳುತ್ತಿತ್ತು. 1997ರಿಂದ ಮೂರು ವರ್ಷ ಅನುದಾನ ಹಂಚಿ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಶೌಚಾಲಯ ಕಟ್ಟಿಸಿತ್ತು. ಕಟ್ಟಿದ ಮೇಲೆ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಬಳಕೆಯಲ್ಲೇ ಇಲ್ಲ. ಒಂದರಲ್ಲಿ ಕುಳ್ಳು ಒಟ್ಟಿದ್ದರು, ಇನ್ನೊಂದರಲ್ಲಿ ಜೋಳದ ಕಣಿಕೆ, ಮತ್ತೊಂದರಲ್ಲಿ ಆಡಿನ ಮರಿ. ಊರಿನವರು ಮಾತ್ರ ನಸುಕಿನಲ್ಲಿ ಚರಿಗೆ ಹಿಡಿದು ಎಂದಿನ ದಾರಿಯಲ್ಲೇ ಹೋಗುತ್ತಿದ್ದರು.

ಆಗ ಗ್ರಾಮೀಣಾಭಿವೃದ್ಧಿ ಮಂತ್ರಿ ಆರ್. ಆರ್. ಪಾಟೀಲ. ಸಾಂಗಲಿ ಜಿಲ್ಲೆಯ ತಾಸಗಾಂವದವರು, ಜನರ ಬಾಯಲ್ಲಿ ‘ಆಬಾ’. ಬೊಕ್ಕಸ ತಳ ಕಂಡಿತ್ತು. ಹೊಸ ಅನುದಾನದ ಮಾತು ಎತ್ತುವಂತಿರಲಿಲ್ಲ. ಪಾಟೀಲರು ಪಂದ್ಯ ಏರ್ಪಡಿಸಿದರು. ಊರನ್ನು ಊರಿನವರೇ ಗುಡಿಸಬೇಕು, ಮೋರಿ ತೋಡಬೇಕು, ಶೌಚಾಲಯ ಕಟ್ಟಿಕೊಳ್ಳಬೇಕು. ಸರ್ಕಾರ ಬಿಡಿಗಾಸೂ ಕೊಡುವುದಿಲ್ಲ. ಎಲ್ಲ ಮುಗಿದ ಮೇಲೆ ಕಮಿಟಿ ಬಂದು ನೋಡುತ್ತದೆ, ಅಂಕ ಹಾಕುತ್ತದೆ. ತಾಲೂಕಿನಲ್ಲಿ ಗೆದ್ದರೆ ಬಹುಮಾನ ಸಾವಿರಗಳ ಲೆಕ್ಕದ್ದು, ಜಿಲ್ಲೆಯಲ್ಲಿ ಗೆದ್ದರೆ ಲಕ್ಷಗಳದ್ದು, ಇಡೀ ರಾಜ್ಯಕ್ಕೆ ಮೊದಲು ಬಂದರೆ 25 ಲಕ್ಷ ರೂಪಾಯಿ. ಹೆಸರು: ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ.

ಮನುಷ್ಯನ ನಡವಳಿಕೆಯನ್ನು ಬಹುಮಾನದಿಂದ ತಿದ್ದಬಹುದೇ ಎಂಬ ಪ್ರಶ್ನೆಯನ್ನು ಅಮೆರಿಕದ ಪ್ರಯೋಗಶಾಲೆಗಳು ಇಲಿ, ಪಾರಿವಾಳಗಳ ಮೇಲೆ ನೂರು ವರ್ಷದಿಂದ ಕೇಳುತ್ತ ಬಂದಿದ್ದವು. ನಮ್ಮ ಗಡಿಸೀಮೆಯಲ್ಲಿ ಅದೇ ಪ್ರಶ್ನೆಯನ್ನು ಸಾವಿರಾರು ಹಳ್ಳಿಗಳಿಗೆ ಒಟ್ಟಿಗೇ ಹಾಕಿದಂತಾಯಿತು. ಹಾಕಿದವರಿಗೆ ಅದು ಪ್ರಯೋಗವೆಂಬ ಅರಿವಿತ್ತೋ ಇಲ್ಲವೋ, ಉತ್ತರವಂತೂ ಸಿಕ್ಕಿತು.

ಸೀಮೆಯ ಬಗ್ಗೆ ಎರಡು ಮಾತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ನಿಜಾಮರ ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಹಂಚಿದಾಗ ಬೀದರ ಮೈಸೂರು ರಾಜ್ಯಕ್ಕೆ ಬಂತು, ಇವು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಗೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಈಗಿನ ದೇವಣಿ ತಾಲೂಕು ಇರುವುದು ನಮ್ಮ ಭಾಲ್ಕಿಗೆ ಬೆನ್ನು ತಾಗಿಸಿಕೊಂಡು. ದೇವಣಿ ಎಂದರೆ ದನ ಬಲ್ಲವರಿಗೆ ಎತ್ತು ನೆನಪಾಗುತ್ತದೆ. ಈ ಭಾಗದಲ್ಲಿ ಮನೆಯೊಳಗೆ ಕನ್ನಡ, ಪಂಚಾಯಿತಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡರ ಜೊತೆಗೆ ಉರ್ದು ಆಡುವ ಕುಟುಂಬಗಳಿಗೆ ಲೆಕ್ಕವಿಲ್ಲ. ಮಕ್ಕಳ ನೆಂಟಸ್ತಿಕೆ ಗಡಿಯ ಆಚೆಗೂ ಈಚೆಗೂ ನಡೆಯುತ್ತದೆ. ಆದ್ದರಿಂದ ಮಹಾರಾಷ್ಟ್ರದ ಒಂದು ಸರ್ಕಾರಿ ಆದೇಶ ಈ ಊರುಗಳಲ್ಲಿ ಏನು ಮಾಡಿತು ಎಂಬುದು ಕನ್ನಡದವರ ಕತೆಯೂ ಹೌದು.

ಕೆಲಸ ನೋಡಿ ದುಡ್ಡು ಬಿಡುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳುಹಿಸಿ ಬಂದು ಜನ ಗಾಢ ನಿದ್ದೆಯಲ್ಲಿದ್ದರು. ಮಣ್ಣು ಕಲ್ಲಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಕುಸಿದು ಔಸಾ, ಉಮರ್ಗಾ ತಾಲೂಕುಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ತೀರ ನೆಲಸಮವಾದ 52 ಊರುಗಳನ್ನು ಬೇರೆಡೆ ಹೊಸದಾಗಿ ಕಟ್ಟಿದರು. ಬಿರುಕು ಬಿಟ್ಟು ನಿಂತ ಲಕ್ಷಕ್ಕೂ ಹೆಚ್ಚು ಮನೆಗಳ ದುರಸ್ತಿಯನ್ನು ಮಾತ್ರ ಮನೆಯವರ ಕೈಗೇ ಬಿಟ್ಟು, ಹಣವನ್ನು ಕಂತು ಕಂತಾಗಿ ಕೊಟ್ಟರು. ಗೋಡೆಯ ಸುತ್ತ ಕಾಂಕ್ರೀಟಿನ ಪಟ್ಟಿ ಬಿದ್ದಿದೆಯೇ, ಮೂಲೆ ಗಟ್ಟಿಯಾಗಿದೆಯೇ ಎಂದು ಎಂಜಿನಿಯರು ನೋಡಿದ ಮೇಲೆ ಮುಂದಿನ ಕಂತು. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಂಗಸರೇ ಈ ಲೆಕ್ಕವನ್ನು ಮನೆಮನೆಗೆ ತಿಳಿಸಿ ಹೇಳಿದರು. ಅಲ್ಲಿ ಹಣ ಬೀಳುತ್ತಿದ್ದುದು ಗೋಡೆಗೆ, ಬೇಕಾಗಿದ್ದುದೂ ಗೋಡೆಯೇ. ಒಮ್ಮೆ ಗಟ್ಟಿಯಾದ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಕಂತಿನ ಪದ್ಧತಿ ಅಲ್ಲಿ ಫಲಿಸಿದ್ದರ ಗುಟ್ಟು ಇಷ್ಟೇ. ಬೆಳಗಿನ ಅಭ್ಯಾಸ ಗೋಡೆಯಂಥದಲ್ಲ. ಅದನ್ನು ದಿನಾ ಹೊಸದಾಗಿ ಕಟ್ಟಬೇಕು.

ಇನ್ನು ಪ್ರಯೋಗಶಾಲೆಯ ಕಡೆ ಬರೋಣ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಹೊರಗೆ ತಿಂಡಿ ಇಟ್ಟ. ಬೆಕ್ಕು ಪರಚಿ, ಕಚ್ಚಿ, ಒದ್ದಾಡಿ, ಅಕಸ್ಮಾತ್ತಾಗಿ ಅಗುಳಿ ತಗುಲಿ ಹೊರಬಂತು. ಮತ್ತೆ ಮತ್ತೆ ಇಟ್ಟಾಗ ವ್ಯರ್ಥ ಪರಚಾಟ ಕಡಿಮೆಯಾಗಿ ಕೊನೆಗೆ ನೇರ ಅಗುಳಿಗೇ ಕೈಹಾಕಿತು. ಸುಖ ತಂದ ಕೆಲಸ ಉಳಿಯುತ್ತದೆ, ತರದ ಕೆಲಸ ಉದುರುತ್ತದೆ ಎಂದು ಅವನು ಬರೆದ. 1913ರಲ್ಲಿ ಜಾನ್ ವಾಟ್ಸನ್ ಇನ್ನೂ ಮುಂದೆ ಹೋಗಿ, ಮನಸ್ಸು ಗಿನಸ್ಸು ಎಂಬ ಮಾತೇ ಬೇಡ, ಕಣ್ಣಿಗೆ ಕಾಣುವ ವರ್ತನೆಯೊಂದೇ ಶಾಸ್ತ್ರಕ್ಕೆ ಸಾಕು ಎಂದು ಘೋಷಿಸಿದ. ಆಮೇಲೆ ಅವನು ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿ ಸೇರಿದ. ವರ್ತನವಾದಕ್ಕೆ ಅದಕ್ಕಿಂತ ಒಪ್ಪುವ ಉದ್ಯೋಗ ಮತ್ತೊಂದಿರಲಾರದು. ಕನ್ನಡನಾಡು ಈ ವಿದ್ಯೆಗೆ ತೀರ ದೂರವೇನಿರಲಿಲ್ಲ. ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದು, ಪ್ರಾಣಿಗಳ ಪ್ರಯೋಗಶಾಲೆಯನ್ನೂ ಇಟ್ಟಿದ್ದರು. ಜನ ಅವರನ್ನು ನೆನೆಯುವುದು ಮಾತ್ರ 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಗಾಗಿ.

ವರ್ತನವಾದವನ್ನು ಶಿಸ್ತಿನ ಶಾಸ್ತ್ರವಾಗಿಸಿದವನು ಬಿ. ಎಫ್. ಸ್ಕಿನ್ನರ್. ಒಂದು ಕ್ರಿಯೆಯ ಬೆನ್ನಿಗೇ ಬಂದು ಆ ಕ್ರಿಯೆಯನ್ನು ಹೆಚ್ಚಿಸುವ ಫಲಕ್ಕೆ ಪುನರ್ಬಲನ ಎನ್ನುತ್ತಾರೆ. ಅದು ಕಾಳಿರಬಹುದು, ಹೊಗಳಿಕೆ ಇರಬಹುದು, ಹಣವಿರಬಹುದು. ಸ್ಕಿನ್ನರನ ದೊಡ್ಡ ಕೆಲಸ ಪುನರ್ಬಲನವನ್ನು ಕಂಡುಹಿಡಿದದ್ದಲ್ಲ. ಬಹುಮಾನ ಕೊಟ್ಟರೆ ಎತ್ತೂ ಮಾತು ಕೇಳುತ್ತದೆಂದು ದೇವಣಿಯ ಯಾವ ರೈತನೂ ಹೇಳಿಯಾನು. ಎಷ್ಟು ಕೊಡುತ್ತೀರಿ ಎಂಬುದಕ್ಕಿಂತ ಯಾವಾಗ ಕೊಡುತ್ತೀರಿ, ಎಷ್ಟು ಸಲಕ್ಕೊಮ್ಮೆ ಕೊಡುತ್ತೀರಿ ಎಂಬುದೇ ವರ್ತನೆಯ ಆಕಾರವನ್ನು ನಿರ್ಧರಿಸುತ್ತದೆ ಎಂದು ಅವನು ತೋರಿಸಿಕೊಟ್ಟ. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಇದರ ಮೇಲೆ ದಪ್ಪ ಗ್ರಂಥವನ್ನೇ ತಂದ. ಪುಟಪುಟಕ್ಕೂ ಪಾರಿವಾಳಗಳ ಕೊಕ್ಕಿನೇಟಿನ ರೇಖೆಗಳು.

ಆ ರೇಖೆಗಳಲ್ಲಿ ಒಂದು ನಮ್ಮ ಕತೆಗೆ ಮುಖ್ಯ. ಪಾರಿವಾಳಕ್ಕೆ ಒಂದು ನಿಗದಿತ ಅವಧಿ ಕಳೆದ ಮೇಲೆ ಕುಟ್ಟಿದ ಮೊದಲ ಏಟಿಗೆ ಮಾತ್ರ ಕಾಳು ಬೀಳುತ್ತದೆ, ನಡುವೆ ಎಷ್ಟು ಕುಟ್ಟಿದರೂ ಇಲ್ಲ ಎಂದಿಟ್ಟುಕೊಳ್ಳಿ. ಹಕ್ಕಿ ಬೇಗ ಕಲಿಯುತ್ತದೆ. ಕಾಳು ತಿಂದ ಕೂಡಲೇ ಕುಟ್ಟುವುದನ್ನೇ ಬಿಡುತ್ತದೆ. ಹೊತ್ತು ಹತ್ತಿರವಾದಂತೆ ಒಂದೊಂದೇ ಏಟು, ಆಮೇಲೆ ಜೋರು, ಕೊನೆಯ ಗಳಿಗೆಯಲ್ಲಿ ಪಟಪಟ ಮಳೆ. ಕಾಳು ಬಿತ್ತು, ಮತ್ತೆ ಮೌನ. ಬರೆದರೆ ಪ್ರತಿ ಸುತ್ತಿನಲ್ಲೂ ಕುಡುಗೋಲಿನ ಬಾಗು. ಕಾಳು ಯಾವಾಗ ಬೀಳುತ್ತದೆಂದು ಹಕ್ಕಿಗೆ ಗೊತ್ತಾಗದಂತೆ ಅವಧಿಯನ್ನು ಹಿಂದುಮುಂದು ಮಾಡಿದರೆ ಬಾಗು ಮಾಯವಾಗಿ, ಹಕ್ಕಿ ಒಂದೇ ಹದದಲ್ಲಿ ದಿನವಿಡೀ ಕುಟ್ಟುತ್ತದೆ.

ಗಾಡಗೇಬಾಬಾ ಅಭಿಯಾನ ವರ್ಷಕ್ಕೊಮ್ಮೆ ಬರುತ್ತಿತ್ತು. ಕಮಿಟಿ ಬರುವ ದಿನ ಮೊದಲೇ ಗೊತ್ತು.

“ಕಮಿಟಿ ಬರ್ಲತದ” ಎಂಬ ಸುದ್ದಿ ಗ್ರಾಮಸೇವಕನ ಬಾಯಿಂದ ಸರಪಂಚನಿಗೆ, ಸರಪಂಚನಿಂದ ಮಾಸ್ತರರಿಗೆ, ಮಾಸ್ತರರಿಂದ ಮಕ್ಕಳ ಮೂಲಕ ಮನೆಮನೆಗೆ ಹಬ್ಬುತ್ತಿತ್ತು. ಹತ್ತು ವರ್ಷದಿಂದ ಅಲುಗದ ತಿಪ್ಪೆ ಎರಡೇ ದಿನದಲ್ಲಿ ಊರಾಚೆ ಹೋಗುತ್ತಿತ್ತು. ಮೋರಿಯ ಕೆಸರು ಎತ್ತಿ ಬ್ಲೀಚಿಂಗ್ ಪುಡಿ ಉದುರಿಸುತ್ತಿದ್ದರು. ಗೋಡೆಗೆ ಸುಣ್ಣ, ಸುಣ್ಣದ ಮೇಲೆ ಗೇರುಬಣ್ಣದ ಘೋಷಣೆ. ಜಗಳವಾಡಿ ಮಾತು ಬಿಟ್ಟಿದ್ದ ಎರಡು ಓಣಿಯವರು ಒಂದೇ ಸಾಲಿನಲ್ಲಿ ಕಸಬರಿಗೆ ಹಿಡಿಯುತ್ತಿದ್ದರು. ಇದು ಸಣ್ಣ ಮಾತಲ್ಲ. ಕಮಿಟಿಯ ಜೀಪು ಊರ ಬಾಗಿಲಿಗೆ ಬಂದಾಗ ಶಾಲೆಯ ಮಕ್ಕಳ ಲೇಜಿಮು, ಹಲಗೆ, ಮುತ್ತೈದೆಯರ ಆರತಿ, ಉದ್ದಕ್ಕೂ ರಂಗೋಲಿ. ತಾಲೂಕಿನಲ್ಲಿ ಗೆದ್ದರೆ ಅದೇ ಹಬ್ಬ ಇನ್ನೂ ದೊಡ್ಡದಾಗಿ ಜಿಲ್ಲೆಯ ಕಮಿಟಿಗಾಗಿ, ಮುಂದೆ ವಿಭಾಗದ ಕಮಿಟಿಗಾಗಿ. ಬಹುಮಾನದ ಹತ್ತಾರು ಪಟ್ಟು ಬೆಲೆಯ ದುಡಿಮೆಯನ್ನು ಹಳ್ಳಿಗಳು ಪುಕ್ಕಟೆ ಹಾಕಿದವು. ಪಾಟೀಲರು ತಾವೇ ಕಸಬರಿಗೆ ಹಿಡಿದು ಊರೂರು ತಿರುಗಿದರು. ರಾಜಕೀಯವಾಗಿ ಅವರನ್ನು ರಾಜ್ಯದ ನಾಯಕನನ್ನಾಗಿ ಮಾಡಿದ್ದೇ ಈ ಅಭಿಯಾನ. ಮುಂದೆ ಉಪಮುಖ್ಯಮಂತ್ರಿಯೂ ಆದರು.

ಕಮಿಟಿ ಹೋದ ಮೇಲೆ? ರೇಖೆ ನೆಲಕ್ಕಿಳಿಯಿತು. ತಿಪ್ಪೆ ಒಂದೊಂದೇ ಬುಟ್ಟಿಯಾಗಿ ಹಿಂದಿರುಗಿತು. ಇದಕ್ಕೆ ಹಳ್ಳಿಯವರನ್ನು ಸೋಮಾರಿಗಳೆಂದು ಬೈದವರಿದ್ದಾರೆ. ನನಗೆ ಅದು ಅನ್ಯಾಯದ ಮಾತೆನಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗ, ಮಾರ್ಚ್ ಕೊನೆಯಲ್ಲಿ ರಸ್ತೆಗೆ ಡಾಂಬರು ಸುರಿಯುವ ಇಲಾಖೆ, ಮಂತ್ರಿ ಬರುವ ಮುನ್ನಾದಿನ ಹಾಸಿಗೆಗೆ ಹೊಸ ಚಾದರ ಹಾಸುವ ಆಸ್ಪತ್ರೆ, ಎಲ್ಲರದೂ ಅದೇ ಬಾಗು. ಊರು ತಾನು ಕಲಿಯಬೇಕಾದ್ದನ್ನೇ ಚೆನ್ನಾಗಿ ಕಲಿತಿತ್ತು. ಬಹುಮಾನ ಬೀಳುತ್ತಿದ್ದುದು ಕಮಿಟಿಯ ಕಣ್ಣಿಗೆ ಕಂಡದ್ದಕ್ಕೆ. ಹಾಗಾಗಿ ಕಮಿಟಿಗೆ ಸಿದ್ಧವಾಗುವ ಕೌಶಲವೇ ಬೆಳೆಯಿತು.

ಯಾರ ಹೆಸರಿನಲ್ಲಿ ಇದು ನಡೆಯಿತೋ ಆ ಮನುಷ್ಯನ ಪದ್ಧತಿ ಬೇರೆಯೇ ಇತ್ತು. ಡೇಬೂಜಿ ಝಿಂಗರಾಜಿ ಜಾನೋರಕರ್ 1876ರಲ್ಲಿ ಅಮರಾವತಿ ಜಿಲ್ಲೆಯ ಶೆಂಡಗಾಂವದ ಅಗಸರ ಮನೆಯಲ್ಲಿ ಹುಟ್ಟಿದವರು. ಮನೆ ಬಿಟ್ಟು ಹೊರಟಾಗ ಕೈಯಲ್ಲಿ ಕಸಬರಿಗೆ, ತಲೆಯ ಮೇಲೆ ಮಣ್ಣಿನ ಗಾಡಗೆ, ಉಣ್ಣುವುದೂ ಅದರಲ್ಲೇ. ಊರಿಗೆ ಬಂದವರೇ ಯಾರಿಗೂ ಏನೂ ಹೇಳದೆ ಗುಡಿಸಲು ತೊಡಗುತ್ತಿದ್ದರು. ನೋಡಿ ನಾಚಿಕೊಂಡ ನಾಲ್ವರು ಸೇರುತ್ತಿದ್ದರು, ಆಮೇಲೆ ನಲವತ್ತು ಜನ. ರಾತ್ರಿ ಕೀರ್ತನೆ; ಅದರಲ್ಲಿ ಸಾಲ, ಸಾರಾಯಿ, ಪ್ರಾಣಿಬಲಿ, ಜಾತಿ ಎಲ್ಲದರ ಮೇಲೂ ಪ್ರಶ್ನೆ ಕೇಳಿ ಜನರಿಂದಲೇ ಉತ್ತರ ಹೇಳಿಸುತ್ತಿದ್ದರು. ಬಂದ ಕಾಣಿಕೆಯೆಲ್ಲ ಧರ್ಮಶಾಲೆಗಳಿಗೆ, ಶಾಲೆಗಳಿಗೆ ಹೋಯಿತು. ಪಂಢರಪುರದಲ್ಲಿ ಕಟ್ಟಿಸಿದ ಚೋಖಾಮೇಳಾ ಧರ್ಮಶಾಲೆಯನ್ನು ಅಂಬೇಡ್ಕರರ ಶಿಕ್ಷಣ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂಬೇಡ್ಕರರು ತೀರಿಕೊಂಡ ಎರಡು ವಾರಕ್ಕೆ, 1956ರ ಡಿಸೆಂಬರ್ 20ರಂದು, ಬಾಬಾ ಕೂಡ ಹೋದರು. ಅವರ ಅಲೆದಾಟಕ್ಕೆ ವೇಳಾಪಟ್ಟಿ ಇರಲಿಲ್ಲ. ಇದನ್ನೆಲ್ಲ ವರ್ತನವಾದದ ಚೌಕಟ್ಟಿಗೆ ತುರುಕುವ ಉದ್ದೇಶ ನನಗಿಲ್ಲ. ಆದರೂ ಅವರ ಹೆಸರಿನ ಅಭಿಯಾನ ಅವರ ಕಸಬರಿಗೆಯನ್ನು ತೆಗೆದುಕೊಂಡು, ಹೇಳದೆ ಬರುವ ಗುಣವನ್ನು ಬಿಟ್ಟಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಮಹಾರಾಷ್ಟ್ರದ ಪಂದ್ಯ ದೆಹಲಿಯ ಕಣ್ಣಿಗೆ ಬಿತ್ತು. 2003ರಲ್ಲಿ ಕೇಂದ್ರ ಸರ್ಕಾರ ನಿರ್ಮಲ ಗ್ರಾಮ ಪುರಸ್ಕಾರ ಘೋಷಿಸಿತು. ಊರಿನಲ್ಲಿ ಒಬ್ಬರೂ ಬಯಲಿಗೆ ಹೋಗಬಾರದು. ಹಾಗಿದ್ದ ಪಂಚಾಯಿತಿಗೆ ಜನಸಂಖ್ಯೆ ನೋಡಿ ಹಣ, ಜೊತೆಗೆ ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ. ಹಳ್ಳಿಯ ಸರಪಂಚನೊಬ್ಬ ದೆಹಲಿಗೆ ಹೋಗಿ ಅಬ್ದುಲ್ ಕಲಾಂ ಅವರ ಜೊತೆ ಫೋಟೊ ತೆಗೆಸಿಕೊಂಡು ಬರುವುದೆಂದರೆ ಹಣಕ್ಕಿಂತ ದೊಡ್ಡ ಬಹುಮಾನ. 2005ರಲ್ಲಿ ಮೊದಲ ಸಲ ಗೆದ್ದದ್ದು 40. ಮರುವರ್ಷ 769. 2007ರಲ್ಲಿ 4,959. 2008ರಲ್ಲಿ ಹನ್ನೆರಡು ಸಾವಿರ ದಾಟಿತು. ಗೆದ್ದವರ ದೊಡ್ಡ ಪಾಲು ಮಹಾರಾಷ್ಟ್ರದ್ದು. ಊರ ಬಾಗಿಲಿಗೆ ‘ಹಾಗಣದಾರಿ ಮುಕ್ತ ಗಾಂವ’, ಅಂದರೆ ಬಯಲು ಶೌಚಮುಕ್ತ ಊರು, ಎಂಬ ಫಲಕ ಎದ್ದಿತು. ಗಡಿಯ ಈಚೆ ಕರ್ನಾಟಕವೂ ಹಿಂದೆ ಬೀಳದೆ ನೈರ್ಮಲ್ಯದ ಹೆಸರಿನಲ್ಲಿ ರಜತ, ಸ್ವರ್ಣ, ರತ್ನ ಎಂದು ಮೆಟ್ಟಿಲು ಮೆಟ್ಟಿಲಾಗಿ ಪ್ರಶಸ್ತಿಗಳನ್ನು ಇಟ್ಟಿತು.

ಮೂರು ವರ್ಷದಲ್ಲಿ ನಲವತ್ತು ಹನ್ನೆರಡು ಸಾವಿರವಾದಾಗ ಎರಡರಲ್ಲೊಂದು ನಿಜವಿರಬೇಕು: ದೇಶದ ಬೆಳಗಿನ ಅಭ್ಯಾಸ ಮಿಂಚಿನಂತೆ ಬದಲಾಗಿದೆ, ಇಲ್ಲವೇ ಕಮಿಟಿಯ ಕಣ್ಣು ಮಂಜಾಗಿದೆ. 2008ರಲ್ಲಿ ಯುನಿಸೆಫ್‌ಗಾಗಿ ಟಾರು ಎಂಬ ಸಂಸ್ಥೆ ಮಹಾರಾಷ್ಟ್ರವೂ ಸೇರಿ ಆರು ರಾಜ್ಯಗಳ 162 ಪ್ರಶಸ್ತಿ ವಿಜೇತ ಪಂಚಾಯಿತಿಗಳಿಗೆ ಹೋಗಿ ನೋಡಿತು. ಬಯಲಿಗೆ ಹೋಗುವುದು ಪೂರ್ತಿ ನಿಂತದ್ದು ಆರರಲ್ಲಿ ಮಾತ್ರ. ಶೌಚಾಲಯವನ್ನು ಬಳಸುತ್ತಿದ್ದ ಜನ ನೂರಕ್ಕೆ ಅರವತ್ತರ ಆಸುಪಾಸು. ಈ ಅರವತ್ತನ್ನು ಕಡೆಗಣಿಸಬಾರದು. 2011ರ ಜನಗಣತಿಯಲ್ಲಿ ಗ್ರಾಮೀಣ ಭಾರತದಲ್ಲಿ ಮನೆಯೊಳಗೆ ಶೌಚಾಲಯವಿದ್ದ ಕುಟುಂಬಗಳು ನೂರಕ್ಕೆ 31 ಕೂಡ ಇರಲಿಲ್ಲ. ಗ್ರಾಮೀಣ ಮಹಾರಾಷ್ಟ್ರದಲ್ಲಿ 38, ಗ್ರಾಮೀಣ ಕರ್ನಾಟಕದಲ್ಲಿ ಸುಮಾರು 28. ಆ ಹತ್ತರ ಅಂತರವನ್ನೆಲ್ಲ ಬಹುಮಾನದ ಖಾತೆಗೆ ಬರೆಯುವಂತಿಲ್ಲ. ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ದುಡ್ಡೂ ಅದರಲ್ಲಿದೆ. ಆದರೂ ಬಹುಮಾನ ಸುಳ್ಳು, ಎಲ್ಲ ನಾಟಕ ಎಂದುಬಿಡುವುದು ಸುಲಭದ ಮಾತು. ಕಟ್ಟಿಸುವುದನ್ನು ಅದು ಮಾಡಿತು. ಬಳಸುವುದನ್ನು ಪೂರ್ತಿ ಮಾಡಿಸಲಿಲ್ಲ. ಪುರಸ್ಕಾರ ಪಂಚಾಯಿತಿಗೆ ಒಂದೇ ಸಲ ಸಿಗುವಂಥದು; ಗೆದ್ದ ಊರಿಗೆ ಮರುದಿನದಿಂದ ಗೆಲ್ಲಲು ಏನೂ ಉಳಿಯುತ್ತಿರಲಿಲ್ಲ. ಕಾಳು ನಿಂತರೆ ಕುಟ್ಟುವುದೂ ನಿಲ್ಲುತ್ತದೆ ಎಂದು ಸ್ಕಿನ್ನರ್ 1938ರಷ್ಟು ಹಿಂದೆಯೇ ಬರೆದಿಟ್ಟಿದ್ದ.

ಬಹುಮಾನಕ್ಕೆ ಬಗ್ಗದವರಿಗೆ ಇನ್ನೊಂದು ದಾರಿ ಹುಡುಕಿದರು. ಕಮಲ್ ಕರ್ ಎಂಬ ಬಂಗಾಳಿ ತಜ್ಞ ಬಾಂಗ್ಲಾದೇಶದ ಹಳ್ಳಿಗಳಲ್ಲಿ 2000ದ ಸುಮಾರಿಗೆ ಒಂದು ವಿಧಾನ ರೂಪಿಸಿದ್ದರು. ಊರಿನವರನ್ನೇ ಕರೆದುಕೊಂಡು ಅವರು ಹೊರಗೆ ಕೂರುವ ಜಾಗಕ್ಕೆ ಹೋಗಿ ನಿಲ್ಲಿಸುವುದು, ನೊಣ ಅಲ್ಲಿಂದ ತಾಟಿಗೆ ಹೇಗೆ ಬರುತ್ತದೆಂದು ಅವರ ಬಾಯಿಂದಲೇ ಹೇಳಿಸುವುದು. ಅಸಹ್ಯ ಅವರೊಳಗೇ ಹುಟ್ಟಬೇಕು. ಈ ವಿಧಾನ ಮಹಾರಾಷ್ಟ್ರಕ್ಕೂ ಬಂತು. ಉದಗೀರದ ನೆರೆಯ ನಾಂದೇಡ ಜಿಲ್ಲೆ ಮೊದಮೊದಲು ಕೈಹಾಕಿದ ಜಿಲ್ಲೆಗಳಲ್ಲೊಂದು. ಊರು ತಾನಾಗಿ ಮಾಡಿಕೊಂಡಲ್ಲಿ ಅದು ಫಲ ಕೊಟ್ಟದ್ದೂ ಉಂಟು. ಆದರೆ ಸರ್ಕಾರದ ಕೈಗೆ ಸಿಕ್ಕ ನಾಚಿಕೆ ಬೇಗ ದಂಡವಾಗುತ್ತದೆ. ‘ಗುಡ್ ಮಾರ್ನಿಂಗ್ ಪಥಕ’ ಹುಟ್ಟಿದ್ದು ಹೀಗೆ. ನಸುಕಿನ ಐದಕ್ಕೇ ಪಂಚಾಯಿತಿಯವರು, ಮಾಸ್ತರರು, ಕೆಲವೊಮ್ಮೆ ಪೊಲೀಸರು ಬಯಲಿನ ದಾರಿಯಲ್ಲಿ ನಿಂತು ಸೀಟಿ ಊದುವುದು, ಚರಿಗೆ ಕಸಿಯುವುದು, ಗುಲಾಬಿ ಕೊಡುವುದು, ಹಾರ ಹಾಕುವುದು, ಫೋಟೊ ಹೊಡೆಯುವುದು, ದಂಡ ಬರೆಯುವುದು. ಮಕ್ಕಳಿಗೆ ಕಲಿಸಬೇಕಾದ ಮಾಸ್ತರರನ್ನು ಕತ್ತಲೆಯಲ್ಲಿ ಹೊಲದ ಬದುವಿನ ಮೇಲೆ ನಿಲ್ಲಿಸಿದ್ದಕ್ಕೆ ಶಿಕ್ಷಕರ ಸಂಘಗಳೇ ಸಿಡಿದೆದ್ದವು.

ವರ್ತನವಾದಿಗಳನ್ನು ಕಠೋರರೆಂದು ಜನ ತಿಳಿಯುವುದುಂಟು. ಶಿಕ್ಷೆಯನ್ನು ಅವರಷ್ಟು ಅನುಮಾನದಿಂದ ನೋಡಿದವರು ಕಡಿಮೆ. ಥಾರ್ನ್‌ಡೈಕ್ 1930ರ ದಶಕದಲ್ಲಿ ತನ್ನ ಹಳೆಯ ಸೂತ್ರವನ್ನೇ ತಿದ್ದಿ, ಸುಖ ಕಲಿಸಿದಷ್ಟು ಬಲವಾಗಿ ನೋವು ಮರೆಸುವುದಿಲ್ಲ ಎಂದ. ಸ್ಕಿನ್ನರ್ ಜೀವನವಿಡೀ ಅದನ್ನೇ ವಾದಿಸಿದ. ಶಿಕ್ಷೆ ಆ ಹೊತ್ತಿಗೆ ಕೆಲಸವನ್ನು ತಡೆಯುತ್ತದೆ. ಪ್ರಾಣಿ ಕಲಿಯುವುದು ಮಾತ್ರ ಶಿಕ್ಷಿಸುವವನಿಂದ ತಪ್ಪಿಸಿಕೊಳ್ಳುವುದನ್ನು. ಹಳ್ಳಿಗಳಲ್ಲಿ ನಡೆದದ್ದೂ ಹಾಗೆಯೇ. ಪಥಕ ಐದಕ್ಕೆ ಬಂದರೆ ಗಂಡಸರು ಇನ್ನೊಂದು ದಿಕ್ಕು ಹಿಡಿದರು. ಹೆಂಗಸರು ನಾಲ್ಕಕ್ಕೇ ಎದ್ದರು, ಇಲ್ಲವೇ ರಾತ್ರಿಯವರೆಗೆ ತಡೆದರು. ಊರಿನ ಅಂಚಿನ ಕೇರಿಯಲ್ಲಿ ಅರ್ಧ ಗುಂಟೆ ಜಾಗವೂ ಇಲ್ಲದವರಿಗೆ, ಶೌಚಾಲಯ ಎಲ್ಲಿ ಕಟ್ಟಬೇಕೆಂದು ಸೀಟಿ ಊದಿದವರು ಹೇಳಲಿಲ್ಲ.

ನೀರಿನ ಮಾತೂ ಇದೆ. ಮರಾಠವಾಡದಲ್ಲಿ ಮಾತಾಡುವವರು ಅದನ್ನು ಕೊನೆಗೆ ಇಡಲಾಗುವುದಿಲ್ಲ. ಬಯಲಿಗೆ ಹೋದರೆ ಒಂದು ಚರಿಗೆ ನೀರು ಸಾಕು. ಮನೆಯ ಸಂಡಾಸಿಗೆ ಬಕೆಟ್ಟೇ ಬೇಕು. ಆ ಬಕೆಟ್ಟನ್ನು ತಲೆಯ ಮೇಲೆ ಹೊತ್ತು ತರುವವರು ಯಾರೆಂದು ಹೇಳಬೇಕಿಲ್ಲ. ಸಾಲು ಸಾಲು ಬರಗಾಲದ ನಂತರ 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಕ್ಕೆ ರೈಲಿನಲ್ಲಿ ಕುಡಿಯುವ ನೀರು ತಂದರು. ಅದಕ್ಕೂ ಮುಂಚೆ ಮಾರ್ಚ್‌ನಲ್ಲಿ ಟ್ಯಾಂಕರುಗಳ ಬಳಿ ಹೊಡೆದಾಟವಾಗದಂತೆ ಲಾತೂರ ನಗರದಲ್ಲಿ 144ನೇ ಕಲಂ ಹಾಕಬೇಕಾಗಿತ್ತು. ಕುಡಿಯಲು ರೈಲು ಕಾಯುವ ಜಿಲ್ಲೆಯಲ್ಲಿ ಸುರಿದು ಕಳೆಯಲು ನೀರೆಲ್ಲಿಯದು? ಒಂದು ಕೆಲಸಕ್ಕೆ ತೆರಬೇಕಾದ ಶ್ರಮ ಹೆಚ್ಚಿದಷ್ಟೂ ಆ ಕೆಲಸ ಕಡಿಮೆಯಾಗುತ್ತದೆ ಎಂಬುದಕ್ಕೆ ಯಾವ ಪಾರಿವಾಳದ ಸಾಕ್ಷಿಯೂ ಬೇಡ. ಅದೇ ಕಾಲದಲ್ಲಿ ಸ್ವಚ್ಛ ಭಾರತ ಮಿಷನ್ ಶೌಚಾಲಯವೊಂದಕ್ಕೆ 12,000 ರೂಪಾಯಿ ಕೊಡುತ್ತಿತ್ತು. ಕಟ್ಟಿದ ಶೌಚಾಲಯದ ಫೋಟೊವನ್ನು ಸ್ಥಳದ ಗುರುತಿನೊಂದಿಗೆ ಮೊಬೈಲಿನಲ್ಲಿ ಏರಿಸಬೇಕು. ಜೀಪಿನಲ್ಲಿ ಬರುತ್ತಿದ್ದ ಕಮಿಟಿ ಹೀಗೆ ಫೋನಿನೊಳಗೆ ಸೇರಿತು. 2018ರ ಏಪ್ರಿಲ್‌ನಲ್ಲಿ ಇಡೀ ಗ್ರಾಮೀಣ ಮಹಾರಾಷ್ಟ್ರ ಬಯಲು ಶೌಚಮುಕ್ತ ಎಂದು ಘೋಷಣೆಯಾಯಿತು. ಬಹುಮಾನದ ಸರಣಿಯೂ ನಿಲ್ಲಲಿಲ್ಲ: 2015ರಲ್ಲಿ ತೀರಿಕೊಂಡ ಪಾಟೀಲರ ಹೆಸರನ್ನೇ ಈಗ ಅಲ್ಲಿನ ‘ಸುಂದರ ಗಾಂವ’ ಯೋಜನೆಗೆ ಇಟ್ಟಿದ್ದಾರೆ.

ಬಹುಮಾನದ ಮೇಲೆ ಮನಶ್ಶಾಸ್ತ್ರದ ಒಳಗಿನಿಂದಲೇ ಬಂದ ಆಕ್ಷೇಪವೊಂದಿದೆ. 1973ರಲ್ಲಿ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳೇ ಚಿತ್ರದ ಕಡೆ ಕಡಿಮೆ ಹೋಗುತ್ತಿದ್ದರು. ತಾನಾಗಿ ಇದ್ದ ಆಸೆಯನ್ನು ಬಹುಮಾನ ತಿಂದುಹಾಕುತ್ತದೆ ಎಂದು ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ತೀರ್ಮಾನಿಸಿದರು. ಗಾಡಗೇಬಾಬಾ ಅಭಿಯಾನವನ್ನು ಟೀಕಿಸುವವರು ಈ ಪ್ರಯೋಗವನ್ನು ಎತ್ತಿ ತೋರಿಸಿದರೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತಿನ್ನಬೇಕಾದರೆ ಮೊದಲು ಆಸೆ ಇರಬೇಕು. ಸಂಡಾಸಿನ ಮೇಲೆ ಯಾರಿಗೂ ಅಂಥ ಆಸೆ ಇರಲಿಲ್ಲ. ಮನೆಯ ಒಳಗೆ, ಅಡುಗೆಮನೆಯ ಪಕ್ಕಕ್ಕೇ ಅದನ್ನು ತರುವುದು ಎಷ್ಟೋ ಹಿರಿಯರಿಗೆ ಮೈಲಿಗೆಯ ಮಾತು.

ಈ ಮೈಲಿಗೆಯನ್ನು ಕಾಳಿನ ಲೆಕ್ಕ ಹಿಡಿಯಲಾರದು. ಸ್ಕಿನ್ನರನ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ 1961ರಲ್ಲಿ ಇದನ್ನು ಹೋಲುವ ಪೇಚನ್ನು ಬರೆದರು. ಹಂದಿಗೆ ನಾಣ್ಯವನ್ನು ಡಬ್ಬಿಗೆ ಹಾಕುವುದನ್ನು ಕಲಿಸಿದರೆ ಮೊದಲು ಹಾಕುತ್ತಿತ್ತು. ಆಮೇಲೆ ಕಾಳು ಕೈತಪ್ಪಿದರೂ ಚಿಂತೆಯಿಲ್ಲದೆ ನಾಣ್ಯವನ್ನು ನೆಲಕ್ಕೆ ಹಾಕಿ ಮೂತಿಯಿಂದ ಕೆದಕತೊಡಗಿತು. ಪ್ರಾಣಿಯ ಹುಟ್ಟುಗುಣ ಕಲಿಸಿದ್ದನ್ನು ಮೀರಿತು. ಮನುಷ್ಯರಲ್ಲಿ ಆ ಜಾಗದಲ್ಲಿರುವುದು ಹುಟ್ಟುಗುಣವಲ್ಲ, ಜಾತಿ. ಡೀನ್ ಸ್ಪಿಯರ್ಸ್, ಡಯಾನ್ ಕಾಫಿ ಮತ್ತು ಅವರ ತಂಡ 2014ರ ಸುಮಾರಿಗೆ ಉತ್ತರ ಭಾರತದ ಹಳ್ಳಿಗಳಲ್ಲಿ ಕೇಳಿ ನೋಡಿದಾಗ, ಸರಿಯಾಗಿರುವ ಶೌಚಾಲಯವಿದ್ದ ಮನೆಗಳಲ್ಲೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿನವುಗಳಲ್ಲಿ ಒಬ್ಬರಾದರೂ ಬಯಲಿಗೇ ಹೋಗುತ್ತಿದ್ದರು. ಗುಂಡಿ ತುಂಬಿದರೆ ಯಾರು ಬಳಿಯಬೇಕು ಎಂಬ ಭಯ ಅದರ ಬೇರಿನಲ್ಲಿತ್ತು. ಸರ್ಕಾರ ಹೇಳಿದ ಎರಡು ಗುಂಡಿಯ ಶೌಚಾಲಯದಲ್ಲಿ ಒಂದು ತುಂಬಿದಾಗ ಹೊಲಸನ್ನು ಇನ್ನೊಂದಕ್ಕೆ ತಿರುಗಿಸಿದರೆ ಸಾಕು. ಒಂದೆರಡು ವರ್ಷ ಮುಚ್ಚಿಟ್ಟ ಮೊದಲನೆಯದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಮನೆಯವರೇ ಎತ್ತಿ ಹೊಲಕ್ಕೆ ಹಾಕಬಹುದು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಆದರೆ ಎಂಥ ಒಣಗೊಬ್ಬರವೇ ಆದರೂ ಅದನ್ನು ಮುಟ್ಟುವುದು ಒಂದು ಜಾತಿಯ ಕೆಲಸ ಎಂದು ನಂಬಿದ ಮನೆಯವನು ಸಲಿಕೆ ಹಿಡಿಯುವುದಿಲ್ಲ. ತಲೆತಲಾಂತರದಿಂದ ಆ ಕೆಲಸಕ್ಕೆ ನೂಕಲ್ಪಟ್ಟವರು ಈಗ ಒಲ್ಲೆ ಎನ್ನುತ್ತಾರೆ. ಒಲ್ಲೆ ಎನ್ನುವ ಹಕ್ಕನ್ನು ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆ ಅವರಿಗೆ ಕೊಟ್ಟಿದೆ.

ಹಾಗಾಗಿ ಜನ ಕಂಡುಕೊಂಡ ಉಪಾಯ ಗುಂಡಿಯನ್ನೇ ದೊಡ್ಡದು ಮಾಡುವುದು. ನಾಲ್ಕಡಿ ಆಳ ಸಾಕು ಎಂದರೆ ಹತ್ತಡಿ ತೋಡಿ ಸಿಮೆಂಟು ಬಳಿದು, ತಮ್ಮ ಆಯುಷ್ಯದಲ್ಲಿ ತುಂಬದಿರಲಿ ಎಂದು ಕಟ್ಟಿಸುತ್ತಾರೆ. ಅಷ್ಟು ಕಟ್ಟಲು ದುಡ್ಡಿಲ್ಲದವನು ಚಿಕ್ಕ ಗುಂಡಿಯನ್ನು ಉಳಿಸಲು ತಾನು ಹೊಲಕ್ಕೆ ಹೋಗಿ ಸೊಸೆಗೆ, ಮುದುಕಿಗೆ ಮಾತ್ರ ಸಂಡಾಸು ಬಿಡುತ್ತಾನೆ. ನಿರ್ಮಲ ಗ್ರಾಮದ ಅಲೆಯಲ್ಲಿ ಅವಸರದಿಂದ ಕಟ್ಟಿದ ಚಿಕ್ಕ ಗುಂಡಿಗಳೆಲ್ಲ ಈಗ ತುಂಬುವ ವಯಸ್ಸಿಗೆ ಬಂದಿವೆ. ಮೋಟರು ಹಚ್ಚಿ ಹೀರುವ ಟ್ಯಾಂಕರನ್ನು ಪೇಟೆಯಿಂದ ಕರೆಸಿದರೆ ಒಂದು ಸಲಕ್ಕೆ ಕೂಲಿಯವನ ಹಲವು ದಿನದ ಪಗಾರ ಹೋಗುತ್ತದೆ, ಓಣಿ ಇಕ್ಕಟ್ಟಾದರೆ ಅದು ಒಳಗೇ ಬರುವುದಿಲ್ಲ. ಹೀರಿದ್ದನ್ನು ಚೆಲ್ಲಲು ಹೆಚ್ಚಿನ ಹಳ್ಳಿಗಳಲ್ಲಿ ಗೊತ್ತಾದ ಜಾಗವೂ ಇಲ್ಲ. ಗುಂಡಿ ಬಳಿದು ಖಾಲಿ ಮಾಡಿದವರಿಗೆ 25 ವರ್ಷದಲ್ಲಿ ಯಾವ ಕಮಿಟಿಯೂ ಅಂಕ ಹಾಕಿಲ್ಲ.